ಕಡಲಂಚಿನ ಬಕ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಕಡಲನ್ನು ಸೇರುತ್ತದೆ. ಆ ಅಳಿವೆಯಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿತದ ಸಮಯದಲ್ಲಿ, ಕೆಲವು ಗಂಟೆಗಳ ಹಿಂದೆ ದೋಣಿ ಸಾಗುತ್ತಿದ್ದ ಎಡೆಯಲ್ಲಿ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಸುತ್ತಲಿನ ಹಳ್ಳಿಗಳ ಜನರು ಬುಟ್ಟಿಗಳನ್ನು ಹಿಡಿದು ಬಳಚು ಆಯುವುದಕ್ಕಾಗಿ ಆ ಬಯಲಿಗೆ ಇಳಿಯುತ್ತಾರೆ. ಅದೇ ಹೊತ್ತಿಗೆ, ಅದೇ ಬಯಲಿಗೆ, ಅದೇ ಹೊಟ್ಟೆಪಾಡಿಗಾಗಿ ಹಕ್ಕಿಗಳೂ ಬಂದಿಳಿಯುತ್ತವೆ.

ಹಾಗೆ ಬಂದಿಳಿಯುವ ಹಕ್ಕಿಗಳಲ್ಲಿ ದೂರದಿಂದಲೇ ಕಣ್ಣಿಗೆ ಬೀಳುವುದು ಬೆಳ್ಳಕ್ಕಿಗಳು. ಅವುಗಳ ನಡುವೆ ಒಮ್ಮೊಮ್ಮೆ, ಆಕಾರದಲ್ಲಿ ಬೆಳ್ಳಕ್ಕಿಯಂತೆಯೇ ಇದ್ದು ಬಣ್ಣದಲ್ಲಿ ಮಾತ್ರ ಮಳೆಮೋಡದಂತೆ ಕಪ್ಪಾದ ಹಕ್ಕಿಯೊಂದು ಕಾಣಿಸುತ್ತದೆ. ನೋಡಿದವರು ಅದನ್ನು ಬೇರೊಂದು ಜಾತಿಯ ಹಕ್ಕಿಯೆಂದು ತಿಳಿಯುತ್ತಾರೆ. ಆ ತಿಳಿವಳಿಕೆ ಸರಿಯಾದುದೇ. ಆದರೆ ಅದರಿಂದ ಹತ್ತು ಮಾರು ದೂರದಲ್ಲಿ ನಿಂತಿರುವ ಅಚ್ಚ ಬಿಳಿಯ ಹಕ್ಕಿಯೊಂದು ಈ ಕಪ್ಪು ಹಕ್ಕಿಯ ಒಡಹುಟ್ಟಿದುದೇ ಆಗಿರಬಹುದು ಎಂದರೆ ನಂಬುವವರು ಕಡಿಮೆ. ಆ ಬಿಳಿಯ ಹಕ್ಕಿಯನ್ನು ಎಲ್ಲರೂ ಬೆಳ್ಳಕ್ಕಿಗಳ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಬಣ್ಣವನ್ನು ನಂಬಿದ ಕಣ್ಣು ಹೀಗೆ ಮೋಸಹೋಗುತ್ತದೆ. ಎರಡು ಬಣ್ಣಗಳಲ್ಲಿ ಬಾಳುವ ಈ ಹಕ್ಕಿಯೇ ಕಡಲಂಚಿನ ಬಕ.

ಬಕವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬಕಧ್ಯಾನ. ಒಳಗೆ ಹೊಂಚು, ಹೊರಗೆ ತಪಸ್ಸಿನ ವೇಷ ಇರುವವನನ್ನು ಹಂಗಿಸಲು ಈ ಮಾತು ಬಳಕೆಗೆ ಬಂದಿದೆ. ಪಂಚತಂತ್ರದಲ್ಲಿ ಮುದಿ ಬಕವೊಂದು ಮೀನುಗಳನ್ನು ನಂಬಿಸಿ ಒಂದೊಂದಾಗಿ ತಿಂದುಹಾಕಿ, ಕೊನೆಗೆ ಏಡಿಯ ಕೊಂಡಿಗೆ ಕತ್ತು ಕೊಟ್ಟ ಕಥೆಯನ್ನು ಮಕ್ಕಳೂ ಬಲ್ಲರು. ಕಥೆಯ ಬಕ ಕಪಟಿಯಾಗಿರಬಹುದು; ನಿಜವಾದ ಬಕದಲ್ಲಿ ಕಪಟವೇನೂ ಇಲ್ಲ. ಅದು ಅಲುಗಾಡದೆ ನಿಲ್ಲುವುದು ಅದರ ಬದುಕಿನ ವಿಧಾನ. ಅಲುಗಿದರೆ ಮೀನು ಓಡುತ್ತದೆ, ಮೀನು ಓಡಿದರೆ ಬಕಕ್ಕೆ ಉಪವಾಸವೇ ಗತಿ.

ಬಕಗಳೂ ಬೆಳ್ಳಕ್ಕಿಗಳೂ ಒಂದೇ ಕುಟುಂಬಕ್ಕೆ ಸೇರಿದವು. ಉದ್ದ ಕಾಲು, ಉದ್ದ ಕತ್ತು, ಈಟಿಯಂತೆ ಚೂಪಾದ ಕೊಕ್ಕು ಇವುಗಳ ಸಾಮಾನ್ಯ ಲಕ್ಷಣ. ಕೊಕ್ಕರೆಗಳಿಗೂ ಇಂತಹ ಕಾಲು ಕತ್ತುಗಳೇ ಇರುವುದರಿಂದ ಜನರು ಎರಡನ್ನೂ ಬೆರೆಸಿ ಮಾತನಾಡುವುದುಂಟು. ಇವೆರಡನ್ನೂ ಬೇರ್ಪಡಿಸುವ ಸುಲಭವಾದ ಉಪಾಯವೆಂದರೆ ಹಾರಾಟವನ್ನು ಗಮನಿಸುವುದು. ಕೊಕ್ಕರೆ ಕತ್ತನ್ನು ಮುಂದಕ್ಕೆ ನೀಳವಾಗಿ ಚಾಚಿ ಹಾರುತ್ತದೆ. ಬಕವಾದರೋ ಕತ್ತನ್ನು ಮಡಿಸಿ, ತಲೆಯನ್ನು ಹೆಗಲುಗಳ ನಡುವೆ ಎಳೆದುಕೊಂಡು, ಕಾಲುಗಳನ್ನು ಮಾತ್ರ ಹಿಂದಕ್ಕೆ ಚಾಚಿ ಹಾರುತ್ತದೆ. ಹೀಗೆ ಮಡಿಸಿದ ಕತ್ತು ಬಕದ ಆಯುಧವೂ ಹೌದು. ಅದರ ಕತ್ತಿನ ಮೂಳೆಗಳಲ್ಲಿ ಒಂದು ವಿಶೇಷವಾಗಿ ರೂಪುಗೊಂಡಿರುವುದರಿಂದ, ಬಾಗಿದ ಕತ್ತು ಎಳೆದು ಬಿಟ್ಟ ಬಿಲ್ಲಿನಂತೆ ಕ್ಷಣಮಾತ್ರದಲ್ಲಿ ನೆಟ್ಟಗಾಗುತ್ತದೆ. ಬಕದ ನಡುಬೆರಳಿನ ಉಗುರಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಕಚ್ಚುಗಳೂ ಉಂಟು. ಮೀನಿನ ಲೋಳೆ ಹತ್ತಿದ ಗರಿಗಳನ್ನು ಅದು ಈ ಉಗುರಿನಿಂದ ಕೆರೆದು ಶುಚಿಮಾಡಿಕೊಳ್ಳುತ್ತದೆ.

ಈ ಕುಟುಂಬದ ಬಹುಪಾಲು ಹಕ್ಕಿಗಳು ಕೆರೆ, ಗದ್ದೆ, ಹೊಳೆಗಳ ಸಿಹಿನೀರನ್ನು ಅವಲಂಬಿಸಿವೆ. ಕಡಲಂಚಿನ ಬಕ ಮಾತ್ರ ಉಪ್ಪುನೀರನ್ನು ಆಯ್ದುಕೊಂಡಿದೆ. ಇದರ ಶಾಸ್ತ್ರೀಯ ನಾಮಧೇಯ ಈಗ್ರೆಟ್ಟಾ ಗುಲಾರಿಸ್. ಫ್ರಾನ್ಸಿನ ಪ್ರಕೃತಿವಿಜ್ಞಾನಿ ಲೂಯಿ ಬಾಸ್ಕ್ ಎಂಬವರು 1792ರಲ್ಲಿ ಪಶ್ಚಿಮ ಆಫ್ರಿಕಾದ ಸೆನೆಗಲ್ ಪ್ರದೇಶದ ಹಕ್ಕಿಯನ್ನು ನೋಡಿ ಇದನ್ನು ಮೊದಲು ವರ್ಣಿಸಿದರು. ಗುಲಾರಿಸ್ ಎಂದರೆ ಕಂಠಕ್ಕೆ ಸಂಬಂಧಿಸಿದುದು ಎಂದರ್ಥ. ಕಪ್ಪು ಮೈಯ ಹಕ್ಕಿಯ ಗಂಟಲು ಬೆಳ್ಳಗಿರುವುದರಿಂದ ಈ ಹೆಸರು ಬಂದಿತು. ಪಶ್ಚಿಮ ಆಫ್ರಿಕಾದ ತೀರದಲ್ಲಿ ಇದರ ಒಂದು ಉಪಜಾತಿ ಇದೆ. ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಗಳಿಂದ ಮೊದಲುಗೊಂಡು ಭಾರತದ ತೀರದವರೆಗೆ ಇನ್ನೊಂದು ಉಪಜಾತಿ ಹರಡಿದೆ. ಈ ಎರಡನೆಯದಕ್ಕೆ ಷಿಸ್ಟೇಸಿಯ ಎಂದು ಹೆಸರು. ಸ್ಲೇಟಿನ ಬಣ್ಣದ್ದು ಎಂಬುದು ಅದರ ಅರ್ಥ. ಮಕ್ಕಳು ಅಕ್ಷರ ತಿದ್ದುವ ಸ್ಲೇಟನ್ನು ಬಲ್ಲವರಿಗೆ ಈ ಹಕ್ಕಿಯ ಮೈಬಣ್ಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಗುಜರಾತಿನ ಕಛ್ ಮತ್ತು ಖಂಭಾತ್ ಕೊಲ್ಲಿಗಳು, ಮುಂಬಯಿಯ ಸುತ್ತಲಿನ ಹಿನ್ನೀರುಗಳು, ಗೋವಾ, ಕರ್ನಾಟಕ ಮತ್ತು ಕೇರಳಗಳ ಅಳಿವೆಗಳು, ಲಕ್ಷದ್ವೀಪಗಳು ಇದರ ನೆಲೆಗಳಾಗಿವೆ. ಪೂರ್ವತೀರದಲ್ಲಿಯೂ ಅಲ್ಲಲ್ಲಿ ಕಾಣಿಸುತ್ತದೆ. ಒಳನಾಡಿನ ಕೆರೆಗಳಿಗೆ ಇದು ದಾರಿ ತಪ್ಪಿ ಬರುವುದು ಅಪರೂಪ. ಕರ್ನಾಟಕದ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಕಡಲನ್ನು ಕೂಡುವ ಎಡೆಗಳೆಲ್ಲ ಇದಕ್ಕೆ ಒಗ್ಗುವಂತಹವು. ಮಳೆಗಾಲ ಕಳೆದು, ಕೆಂಪು ನೀರು ತಿಳಿಯಾಗಿ, ಅಳಿವೆಗಳು ಶಾಂತವಾದ ಮೇಲೆ ಇದನ್ನು ನೋಡುವುದು ಅನುಕೂಲ.

ಇದರ ಉದ್ದ ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ 55ರಿಂದ 67 ಸೆಂಟಿಮೀಟರ್. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಒಂದು ಮೀಟರ್. ಗಂಡು ಹೆಣ್ಣುಗಳು ನೋಟಕ್ಕೆ ಒಂದೇ ಬಗೆ. ಆದರೆ ಮೈಬಣ್ಣದಲ್ಲಿ ಮಾತ್ರ ಎರಡು ತೆರ. ಒಂದು ತೆರದ ಹಕ್ಕಿಯ ಮೈಯೆಲ್ಲ ಸ್ಲೇಟಿನ ಬಣ್ಣ, ಗಂಟಲು ಬಿಳಿ. ಇನ್ನೊಂದು ತೆರದ ಹಕ್ಕಿ ನಖಶಿಖಾಂತ ಬಿಳಿ. ಇವೆರಡರ ನಡುವಣ ಮಿಶ್ರಬಣ್ಣದವೂ, ಬಿಳಿ ಗರಿಗಳ ನಡುವೆ ಬೂದುಗರಿಗಳು ಚೆಲ್ಲಿದಂತಿರುವವೂ ಉಂಟು. ಈ ಬಣ್ಣಭೇದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಗಂಡು ಹೆಣ್ಣೆಂಬ ಭೇದಕ್ಕೂ ಸಂಬಂಧವಿಲ್ಲ. ಮನುಷ್ಯರಲ್ಲಿ ಒಂದೇ ಮನೆಯವರ ಕಣ್ಣಿನ ಬಣ್ಣ ಬೇರೆ ಬೇರೆಯಾಗಿರುವಂತೆ ಇದೂ ಹುಟ್ಟಿನಿಂದ ಬಂದುದು. ಬಿಳಿಯ ಹಕ್ಕಿಯೂ ಕಪ್ಪು ಹಕ್ಕಿಯೂ ಜೊತೆಗೂಡಿ ಸಂಸಾರ ಹೂಡುತ್ತವೆ. ಗುಜರಾತಿನಲ್ಲಿ ಈ ಹಕ್ಕಿಯನ್ನು ಕುರಿತು ಕೆಲಸಮಾಡಿದ ವಿಜ್ಞಾನಿಗಳು ಇಂತಹ ಜೋಡಿಗಳ ವಿಷಯವನ್ನು 1981ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ.

ಕಪ್ಪು ಹಕ್ಕಿಯನ್ನು ಗುರುತಿಸುವುದು ಕಷ್ಟವಲ್ಲ. ಭಾರತದ ಮುಖ್ಯಭೂಮಿಯ ತೀರದಲ್ಲಿ ಈ ಗಾತ್ರದ, ಈ ಆಕಾರದ, ಬಿಳಿ ಗಂಟಲಿನ ಸ್ಲೇಟು ಬಣ್ಣದ ಬಕ ಬೇರೊಂದಿಲ್ಲ. ಬೂದು ಬಕ ಇದಕ್ಕಿಂತ ಬಹಳ ದೊಡ್ಡದು. ಕಾಂಡ್ಲಾ ಗಿಡಗಳ ಬುಡದಲ್ಲಿ ಅವಿತು ಕೂರುವ ಹಸುರು ಛಾಯೆಯ ಸಣ್ಣ ಬಕ ಇದಕ್ಕಿಂತ ಬಹಳ ಗಿಡ್ಡು. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಮಾತ್ರ ಇದರ ದಾಯಾದಿಯಾದ ಇನ್ನೊಂದು ಕಡಲ ಬಕವಿದೆ. ಅದಕ್ಕೂ ಕಪ್ಪು ಬಿಳುಪೆಂಬ ಎರಡು ಬಣ್ಣಗಳುಂಟು. ಆದರೆ ಅದರ ಕಾಲು ಮೋಟು.

ನಿಜವಾದ ಪರೀಕ್ಷೆ ಇರುವುದು ಬಿಳಿಯ ಹಕ್ಕಿಯ ವಿಷಯದಲ್ಲಿ. ಅಳಿವೆಯಲ್ಲಿ ಕಾಣುವ ಬಿಳಿಯ ಹಕ್ಕಿಗಳು ಒಂದೇ ಜಾತಿಯವಲ್ಲ. ಅವುಗಳನ್ನು ಒಂದೊಂದಾಗಿ ಬದಿಗಿಡುತ್ತ ಬರುವುದು ಗುರುತಿಸುವವನ ಕ್ರಮ. ಎಲ್ಲಕ್ಕಿಂತ ಎತ್ತರವಾಗಿ, ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುವುದು ದೊಡ್ಡ ಬೆಳ್ಳಕ್ಕಿ. ದನಗಳ ಹಿಂದೆ ಹಿಂದೆ ತಿರುಗುವ, ಗಿಡ್ಡ ಕತ್ತಿನ, ಹಳದಿ ಕೊಕ್ಕಿನದು ಗೋವಕ್ಕಿ; ಅದು ನೀರಿಗಿಂತ ಹುಲ್ಲುಗಾವಲನ್ನೇ ಹೆಚ್ಚು ಬಯಸುತ್ತದೆ. ಇವೆರಡನ್ನೂ ಬಿಟ್ಟರೆ ಕಡಲಂಚಿನ ಬಕದ ಬಿಳಿಯ ರೂಪವನ್ನು ಹೋಲುವುದು ಮುಖ್ಯವಾಗಿ ಸಣ್ಣ ಬೆಳ್ಳಕ್ಕಿ. ಎರಡೂ ಗಾತ್ರದಲ್ಲಿ ಸಮ. ಮರಿ ಮಾಡುವ ಕಾಲದಲ್ಲಿ ಎರಡಕ್ಕೂ ನೆತ್ತಿಯ ಹಿಂಬದಿಯಿಂದ ಎರಡು ನೀಳವಾದ ಗರಿಗಳು ಜೋತುಬೀಳುತ್ತವೆ. ಆದುದರಿಂದ ಗಾತ್ರವಾಗಲಿ ಜುಟ್ಟಾಗಲಿ ಇಲ್ಲಿ ನೆರವಿಗೆ ಬಾರವು.

ನೆರವಿಗೆ ಬರುವುದು ಮೊದಲನೆಯದಾಗಿ ಕೊಕ್ಕು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಸಪೂರವಾಗಿ, ನೇರವಾಗಿ, ಕಪ್ಪಾಗಿರುತ್ತದೆ. ಕಡಲಂಚಿನ ಬಕದ ಕೊಕ್ಕು ಅದಕ್ಕಿಂತ ದಪ್ಪ. ಬಣ್ಣ ಹಳದಿ ಬೆರೆತ ಕಂದು. ತುದಿಯ ಕಡೆಗೆ ತುಸುವೇ ಕೆಳಕ್ಕೆ ಬಾಗಿದಂತೆ ತೋರುತ್ತದೆ. ಎರಡನೆಯದಾಗಿ ಕಾಲು. ಸಣ್ಣ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಮಾತ್ರ ಹಳದಿ. ಕಪ್ಪು ಮುಗಿದು ಹಳದಿ ಮೊದಲಾಗುವ ಗೆರೆ ಸ್ಪಷ್ಟವಾಗಿರುತ್ತದೆ. ಕಡಲಂಚಿನ ಬಕದಲ್ಲಿ ಈ ಗೆರೆ ಇಲ್ಲ. ಪಾದದ ಹಳದಿ ಬಣ್ಣ ಮೇಲಕ್ಕೆ ಹಬ್ಬಿ, ಕಾಲಿನ ಹಸುರುಗಪ್ಪಿನಲ್ಲಿ ಮೆಲ್ಲಗೆ ಕರಗಿಹೋಗುತ್ತದೆ. ಮೂರನೆಯದಾಗಿ ಕಣ್ಣಿಗೂ ಕೊಕ್ಕಿಗೂ ನಡುವೆ ಇರುವ ಗರಿಯಿಲ್ಲದ ಚರ್ಮ. ಮರಿ ಮಾಡುವ ಕಾಲವನ್ನುಳಿದು ಬೇರೆ ದಿನಗಳಲ್ಲಿ ಸಣ್ಣ ಬೆಳ್ಳಕ್ಕಿಯಲ್ಲಿ ಇದು ಬೂದು ಛಾಯೆಯದು. ಕಡಲಂಚಿನ ಬಕದಲ್ಲಿ ಹಳದಿ ಛಾಯೆಯದು.

ಈ ಮೂರು ಗುರುತುಗಳಲ್ಲಿ ಯಾವ ಒಂದನ್ನೂ ಒಂಟಿಯಾಗಿ ನಂಬುವಂತಿಲ್ಲ. ಕೆಸರಿನಲ್ಲಿ ನಡೆದ ಹಕ್ಕಿಯ ಪಾದ ಯಾವ ಬಣ್ಣದ್ದೆಂದು ಹೇಳುವುದು ಕಷ್ಟ. ಎಳೆಯ ಸಣ್ಣ ಬೆಳ್ಳಕ್ಕಿಯ ಕೊಕ್ಕು ಇನ್ನೂ ಅಚ್ಚಗಪ್ಪಾಗಿರುವುದಿಲ್ಲ. ಸಂಜೆಯ ಬಿಸಿಲು ಎಲ್ಲ ಕೊಕ್ಕುಗಳಿಗೂ ಹೊಂಬಣ್ಣ ಬಳಿಯುತ್ತದೆ. ನುರಿತ ಪಕ್ಷಿವೀಕ್ಷಕನು ಕೊಕ್ಕಿನ ದಪ್ಪವನ್ನು ನೋಡಿ, ಕಾಲನ್ನು ನೋಡಿ, ಮುಖದ ಚರ್ಮವನ್ನು ನೋಡಿ, ಆ ಹಕ್ಕಿ ನಿಂತ ಜಾಗವನ್ನೂ ಅದು ಬೇಟೆಯಾಡುವ ರೀತಿಯನ್ನೂ ಗಮನಿಸಿ, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿದಾಗ ಮಾತ್ರ ಹೆಸರು ಹೇಳುತ್ತಾನೆ. ನ್ಯಾಯಾಲಯದಲ್ಲಿ ಒಬ್ಬನೇ ಸಾಕ್ಷಿಯ ಮಾತಿಗಿಂತ ಹೊಂದಿಕೆಯಾಗುವ ಹಲವರ ಮಾತಿಗೆ ಬೆಲೆ ಹೆಚ್ಚಲ್ಲವೆ? ಇದೂ ಹಾಗೆಯೇ.

ಬೇಟೆಯಾಡುವ ರೀತಿಯನ್ನು ತಿಳಿಯಬೇಕಾದರೆ ಕಡಲಿನ ಏರಿಳಿತವನ್ನು ತಿಳಿಯಬೇಕು. ಚಂದ್ರ ಸೂರ್ಯರ ಆಕರ್ಷಣೆಯಿಂದ ಕಡಲಿನ ನೀರು ಏರಿ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರ. ಆದುದರಿಂದ ಇಂದು ಬೆಳಿಗ್ಗೆ ಆರು ಗಂಟೆಗೆ ನೀರು ಇಳಿದಿದ್ದರೆ ನಾಳೆ ಅದು ಇಳಿಯುವುದು ಆರು ಗಂಟೆ ಐವತ್ತು ನಿಮಿಷದ ಸುಮಾರಿಗೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಬೆಸ್ತರು ಈ ಲೆಕ್ಕವನ್ನು ಪಂಚಾಂಗದಷ್ಟೇ ಖಚಿತವಾಗಿ ಬಲ್ಲರು. ಕಡಲಂಚಿನ ಬಕದ ದಿನಚರಿಯೂ ಈ ಲೆಕ್ಕಕ್ಕೇ ಹೊಂದಿಕೊಂಡಿದೆ. ಬೆಳಗಾಯಿತೆಂಬ ಮಾತ್ರಕ್ಕೆ ಅದಕ್ಕೆ ಊಟ ದೊರೆಯದು. ನೀರು ಇಳಿದು ಕೆಸರು ಬಯಲಾದಾಗಲೇ ಅದರ ಎಲೆ ಹಾಕಿದಂತೆ. ನೀರು ಏರಿದಾಗ ಅದು ಕಾಂಡ್ಲಾ ಗಿಡಗಳ ಮೇಲೋ, ತೀರದ ಬಂಡೆಗಳ ಮೇಲೋ ಕತ್ತು ಕುಗ್ಗಿಸಿಕೊಂಡು ಕುಳಿತು, ಮುಂದಿನ ಇಳಿತಕ್ಕಾಗಿ ಕಾಯುತ್ತದೆ.

ಇಳಿತ ಮೊದಲಾಗುತ್ತಲೇ ಬಕ ನೀರಿನ ಅಂಚನ್ನು ಹಿಂಬಾಲಿಸುತ್ತ ಹೊರಡುತ್ತದೆ. ಸಾಮಾನ್ಯವಾಗಿ ಅದು ಒಂಟಿ ಬೇಟೆಗಾರ. ಸಣ್ಣ ಮೀನು, ಸಿಗಡಿ, ಏಡಿ, ಚಿಪ್ಪಿನ ಹುಳುಗಳು ಅದರ ಆಹಾರ. ಕೆಸರಿನ ಮೇಲೆ ಕುಪ್ಪಳಿಸುವ, ಉಬ್ಬುಗಣ್ಣಿನ ಕೆಸರುಮೀನುಗಳನ್ನೂ ಅದು ಹಿಡಿಯುತ್ತದೆ. ಅದರ ಬೇಟೆಯಲ್ಲಿ ಹಲವು ವಿಧಾನಗಳುಂಟು. ಒಮ್ಮೆ ಮೈಬಾಗಿಸಿ, ಕಾಲನ್ನು ನೀರಿನಿಂದ ಸದ್ದಿಲ್ಲದೆ ಎತ್ತಿ ಸದ್ದಿಲ್ಲದೆ ಇಡುತ್ತ ನಡೆಯುತ್ತದೆ. ಮತ್ತೊಮ್ಮೆ ಕಲ್ಲಿನಂತೆ ನಿಂತುಬಿಡುತ್ತದೆ. ಇದ್ದಕ್ಕಿದ್ದಂತೆ ರೆಕ್ಕೆ ಬಿಚ್ಚಿ, ಆಚೀಚೆ ತಿರುಗಿ, ಆಳವಿಲ್ಲದ ನೀರಿನಲ್ಲಿ ಮೀನಿನ ಹಿಂದೆ ಓಡುತ್ತದೆ. ಕೆಲವು ವೇಳೆ ಒಂದು ಪಾದದಿಂದ ತಳದ ಕೆಸರನ್ನು ಕಲಕಿ, ಬೆದರಿ ಹೊರಬಂದ ಜೀವಿಯನ್ನು ಹಿಡಿಯುತ್ತದೆ. ಬಕಧ್ಯಾನವನ್ನು ಮಾತ್ರ ಕೇಳಿ ಬಲ್ಲವರಿಗೆ ಬಕದ ಈ ಓಟವನ್ನು ಕಂಡಾಗ ಆಶ್ಚರ್ಯವಾಗದಿರದು.

ಇದಕ್ಕಿಂತಲೂ ಆಶ್ಚರ್ಯಕರವಾದುದು ಅದರ ಗುರಿ. ನೀರಿನಲ್ಲಿ ಮುಳುಗಿಸಿದ ಕೋಲು ಮುರಿದಂತೆ ಕಾಣುವುದನ್ನು ಎಲ್ಲರೂ ಕಂಡಿದ್ದಾರೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ನೀರಿನೊಳಗಿನ ವಸ್ತು ಅದು ನಿಜವಾಗಿ ಇರುವ ಎಡೆಯಲ್ಲಿ ಕಾಣದೆ ಬೇರೆಡೆಯಲ್ಲಿ ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡಿದರೆ ನಾಲ್ಕು ಗೇಣು ಆಳದ ವಸ್ತು ಮೂರು ಗೇಣು ಆಳದಲ್ಲಿರುವಂತೆ ತೋರುತ್ತದೆ. ಓರೆಯಾಗಿ ನೋಡಿದಷ್ಟೂ ಈ ಭ್ರಮೆ ಹೆಚ್ಚುತ್ತದೆ. ಬಕ ನಿಂತು ನೋಡುವುದು ಓರೆಯಾಗಿಯೇ. ಮೀನು ಕಂಡ ಎಡೆಗೇ ಅದು ಕೊಕ್ಕನ್ನು ಹಾಕಿದರೆ ಪ್ರತಿ ಏಟೂ ತಪ್ಪಬೇಕು. ಹಾಗಿದ್ದೂ ಅದು ಮೀನನ್ನು ಹಿಡಿಯುವುದು ಹೇಗೆ?

ಇಸ್ರೇಲಿನ ವಿಜ್ಞಾನಿ ಕಾಟ್ಸಿರ್ ಮತ್ತು ಅವರ ಸಂಗಡಿಗರು ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಇದೇ ಕಡಲಂಚಿನ ಬಕವನ್ನು ಪರೀಕ್ಷಿಸಿ, 1987ರಲ್ಲಿಯೂ 1989ರಲ್ಲಿಯೂ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ನೀರಿನೊಳಗೆ ಇರಿಸಿದ ಆಹಾರವನ್ನು ಬಕ ಕುಕ್ಕುವುದನ್ನು ಅವರು ಚಿತ್ರೀಕರಿಸಿ ಅಳೆದರು. ಬಕ ಮೊದಲು ತಲೆಯನ್ನು ನಿಧಾನವಾಗಿ ಚಲಿಸಿ ಒಂದು ಸ್ಥಾನಕ್ಕೆ ತರುತ್ತದೆ. ಅಲ್ಲಿಂದ ಮಿಂಚಿನಂತೆ ಕುಕ್ಕುತ್ತದೆ. ಆ ಕ್ಷಣದಲ್ಲಿ ಆಹಾರದ ನಿಜವಾದ ಆಳಕ್ಕೂ ಬಕದ ಕಣ್ಣಿಗೆ ಅದು ತೋರುವ ಆಳಕ್ಕೂ ಒಂದು ಗೊತ್ತಾದ ಪ್ರಮಾಣವಿರುವುದು ಕಂಡುಬಂದಿತು. ಏಟು ತಪ್ಪಿದ ಸಂದರ್ಭಗಳಲ್ಲಿ ಈ ಪ್ರಮಾಣ ಕೆಟ್ಟಿತ್ತು. ಎಂದರೆ, ಮೀನು ಎಲ್ಲಿ ಕಾಣುತ್ತದೆಯೋ ಅಲ್ಲಿಗಲ್ಲದೆ ಅದು ಎಲ್ಲಿ ಇದೆಯೋ ಅಲ್ಲಿಗೆ ಬಕ ಗುರಿಯಿಡುತ್ತದೆ. ವಿದ್ಯಾರ್ಥಿಗಳು ಭೌತವಿಜ್ಞಾನದ ಪಾಠದಲ್ಲಿ ಕಲಿಯುವ ಬೆಳಕಿನ ವಕ್ರೀಭವನವನ್ನು ಈ ಹಕ್ಕಿ ಕತ್ತಿನ ತೂಗುವಿಕೆಯಲ್ಲಿ ಬಗೆಹರಿಸಿಕೊಂಡಿದೆ. ಕಣ್ಣಿಗೆ ತೋರಿದುದೆಲ್ಲ ನಿಜವಲ್ಲವೆಂಬುದನ್ನು ಅದರ ಹಸಿವೇ ಅದಕ್ಕೆ ತಿಳಿಸಿಕೊಟ್ಟಿದೆ.

ಹೊಟ್ಟೆಯ ಪಾಡು ಕೆಸರಿನ ಬಯಲಿನಲ್ಲಿಯಾದರೆ ಸಂಸಾರದ ಪಾಡು ಮರದ ಮೇಲೆ. ಭಾರತದಲ್ಲಿ ಇದು ಬೇಸಗೆಯ ನಡುವಿನಿಂದ ಮಳೆಗಾಲದವರೆಗೆ ಮರಿ ಮಾಡುತ್ತದೆ. ಕಾಂಡ್ಲಾ ಕಾಡಿನಲ್ಲಿ ಅಥವಾ ತೀರಕ್ಕೆ ಸಮೀಪದ ಮರಗಳಲ್ಲಿ ಬೆಳ್ಳಕ್ಕಿ ಮೊದಲಾದ ನೆಂಟರ ಜೊತೆಗೆ ಗುಂಪಾಗಿ ಗೂಡು ಕಟ್ಟುತ್ತದೆ. ಗೂಡೆಂದರೆ ಕಡ್ಡಿಗಳನ್ನು ಅಡ್ಡಾದಿಡ್ಡಿಯಾಗಿ ಪೇರಿಸಿದ ಒಂದು ಅಟ್ಟ. ಅದರಲ್ಲಿ ಎರಡರಿಂದ ನಾಲ್ಕು, ತಿಳಿ ನೀಲಿಹಸುರಿನ ಮೊಟ್ಟೆಗಳು. ತಂದೆ ತಾಯಿಗಳೆರಡೂ ಸರದಿಯಂತೆ ಸುಮಾರು ಮೂರೂವರೆ ವಾರ ಕಾವು ಕೊಡುತ್ತವೆ. ಮರಿಗಳು ಹೊರಬಂದ ಮೇಲೆ ನುಂಗಿ ತಂದ ಮೀನುಗಳನ್ನು ಕಕ್ಕಿ ಅವುಗಳನ್ನು ಸಾಕುತ್ತವೆ.

ಈ ಎರಡು ನೆಲೆಗಳು ಒಂದಕ್ಕೊಂದು ಹತ್ತಿರವಿರಬೇಕೆಂಬುದನ್ನು ಗುಜರಾತಿನ ಭಾವನಗರ ಚೆನ್ನಾಗಿ ತೋರಿಸಿಕೊಡುತ್ತದೆ. ಆ ನಗರ ಖಂಭಾತ್ ಕೊಲ್ಲಿಯ ದಂಡೆಯಲ್ಲಿದೆ. ಕರ್ನಾಟಕದ ತೀರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ವ್ಯತ್ಯಾಸ ಒಂದೆರಡು ಮೀಟರ್ ಆದರೆ ಆ ಕೊಲ್ಲಿಯಲ್ಲಿ ಅದು ಹತ್ತು ಮೀಟರಿನಷ್ಟು. ಆದುದರಿಂದ ಇಳಿತದಲ್ಲಿ ಅಲ್ಲಿ ಬಯಲಾಗುವ ಕೆಸರುನೆಲ ಬಹು ವಿಸ್ತಾರವಾದುದು. ಅಲ್ಲಿ ಆಹಾರ ಹುಡುಕುವ ಕಡಲಂಚಿನ ಬಕಗಳು ನಗರದ ಒಳಗೇ, ಜನರು ಓಡಾಡುವ ಬೀದಿಗಳ ಮರಗಳಲ್ಲಿ ಗೂಡು ಕಟ್ಟಿಕೊಂಡಿವೆ. ಆರ್. ಎಂ. ನಾಯಕ್ ಮತ್ತು ಬಿ. ಎಂ. ಪರಾಶರ್ಯ ಎಂಬ ವಿಜ್ಞಾನಿಗಳು ಪಶ್ಚಿಮ ಭಾರತದ ತೀರದಲ್ಲಿ ಈ ಹಕ್ಕಿ ಎಲ್ಲೆಲ್ಲಿ ಗೂಡು ಕಟ್ಟುತ್ತದೆ ಎಂಬುದನ್ನು ಪರಿಶೀಲಿಸಿ 1987ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಆಹಾರದ ಲಭ್ಯತೆ, ಗೂಡಿಗೆ ತಕ್ಕ ನೆಲೆಯ ನಾಶ, ಜನವಸತಿಯ ಸಂಸ್ಕಾರ ಎಂಬ ಮೂರು ಸಂಗತಿಗಳನ್ನು ಅವರು ಒಟ್ಟಿಗೆ ತೂಗಿನೋಡಿದರು. ಮೂರನೆಯದು ಗಮನಿಸಬೇಕಾದ ಮಾತು. ಗೂಡಿರುವ ಮರದ ಕೆಳಗೆ ಹಿಕ್ಕೆ ಬೀಳುತ್ತದೆ, ಮೀನಿನ ನಾತ ಹರಡುತ್ತದೆ. ಅದನ್ನು ಸಹಿಸಿಕೊಳ್ಳುವ ಜನರಿರುವ ಬೀದಿಯಲ್ಲಿ ಹಕ್ಕಿ ಉಳಿಯುತ್ತದೆ. ಕೊಂಬೆ ಕಡಿಯುವ ಜನರಿರುವ ಬೀದಿಯಲ್ಲಿ ಉಳಿಯುವುದಿಲ್ಲ.

ಮನುಷ್ಯನಿಂದ ಬಕಗಳ ಕುಲಕ್ಕೆ ಒದಗಿದ ಆಪತ್ತು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಐರೋಪ್ಯ ಸ್ತ್ರೀಯರ ಟೋಪಿಗಳನ್ನು ಸಿಂಗರಿಸುವುದಕ್ಕಾಗಿ ಬೆಳ್ಳಕ್ಕಿಗಳ ನವುರಾದ ಗರಿಗಳಿಗೆ ಅಪಾರ ಬೇಡಿಕೆ ಹುಟ್ಟಿತು. ಆ ಗರಿಗಳು ಮೂಡುವುದು ಮರಿ ಮಾಡುವ ಕಾಲದಲ್ಲಿಯೇ. ಆದುದರಿಂದ ತಂದೆ ತಾಯಿಗಳ ಜೊತೆಗೆ ಗೂಡಿನ ಮರಿಗಳೂ ನಾಶವಾಗುತ್ತಿದ್ದವು. 1902ರಲ್ಲಿ ಭಾರತದಿಂದ ಹಕ್ಕಿಗಳ ಗರಿಗಳನ್ನು ರಫ್ತು ಮಾಡುವುದು ನಿಷೇಧಿಸಲ್ಪಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಕಗಳನ್ನು ಬೇಟೆಯಾಡುವುದನ್ನು ತಡೆಯಿತು. ಇಂದು ಕಡಲಂಚಿನ ಬಕಕ್ಕೆ ಬಂದೂಕಿನ ಭಯಕ್ಕಿಂತ ನೆಲೆ ತಪ್ಪುವ ಭಯವೇ ಹೆಚ್ಚು. ಅಳಿವೆಯ ಕೆಸರುನೆಲ ನೋಡುವವರಿಗೆ ಪಾಳು ಜಾಗದಂತೆ ತೋರುತ್ತದೆ. ಮಣ್ಣು ತುಂಬಿಸಿ ಅದನ್ನು ಎತ್ತರಿಸಿದರೆ ನಷ್ಟವೇನು ಎಂದು ಕೇಳುವವರೂ ಇದ್ದಾರೆ. ಆದರೆ ಏಡಿ, ಸಿಗಡಿ, ಬಳಚು, ಮರಿಮೀನುಗಳಿಗೆ ಅದೇ ತೊಟ್ಟಿಲು. ಅದು ಬತ್ತಿದರೆ ಬಕದ ಹೊಟ್ಟೆಯ ಜೊತೆಗೆ ಬುಟ್ಟಿ ಹಿಡಿದು ಬಂದವರ ಹೊಟ್ಟೆಯೂ ಬತ್ತುತ್ತದೆ.

ಅಘನಾಶಿನಿಯ ಅಳಿವೆ ಈ ಮಾತಿಗೆ ಒಳ್ಳೆಯ ನಿದರ್ಶನ. ಅಣೆಕಟ್ಟಿನ ತಡೆಯಿಲ್ಲದೆ ಹರಿದುಬರುವ ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಅಲ್ಲಿ ಕೂಡುತ್ತವೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಕಾಂಡ್ಲಾ ಕಾಡು ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸಿದೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು. ಒಂದೇ ಕೆಸರಿನ ಬಯಲು ಬೇಸಾಯಗಾರನಿಗೂ ಬೆಸ್ತನಿಗೂ ಬಳಚು ಆಯುವವಳಿಗೂ ಬಕಕ್ಕೂ ಅನ್ನವಿಕ್ಕುತ್ತಿರುವಾಗ ಅದನ್ನು ಪಾಳೆಂದು ಕರೆಯುವುದು ಹೇಗೆ?

ಇಂತಹ ನೆಲೆಗಳನ್ನು ಕಾಯಬೇಕಾದರೆ ಅಲ್ಲಿ ಯಾವ ಯಾವ ಜೀವಿಗಳು ಎಷ್ಟೆಷ್ಟು ಇವೆ ಎಂಬ ಲೆಕ್ಕ ಬೇಕು. 1987ರಿಂದ ಮೊದಲುಗೊಂಡು ಪ್ರತಿವರ್ಷ ಜನವರಿಯಲ್ಲಿ ಏಷ್ಯಾದ ದೇಶಗಳಲ್ಲಿ ನೀರಹಕ್ಕಿಗಳ ಗಣತಿ ನಡೆಯುತ್ತಿದೆ. ಭಾರತದಲ್ಲಿಯೂ ಅನೇಕ ಸ್ವಯಂಸೇವಕರು ಕೆರೆ, ಅಳಿವೆಗಳ ದಂಡೆಯಲ್ಲಿ ನಿಂತು ಹಕ್ಕಿಗಳನ್ನು ಎಣಿಸುತ್ತಾರೆ. ಆ ದಿನ ಬಿಳಿಯ ಬಕವನ್ನು ಕಂಡವನು ಕೊಕ್ಕು ಕಾಲುಗಳನ್ನು ನೋಡದೆ ಬೆಳ್ಳಕ್ಕಿಯೆಂದು ಬರೆದುಕೊಂಡರೆ ಏನಾಗುತ್ತದೆ? ಕಡಲಂಚಿನ ಬಕದ ಲೆಕ್ಕದಿಂದ ಒಂದು ಹಕ್ಕಿ ಕಡಿಮೆಯಾಗುತ್ತದೆ. ಹಾಗೆ ಬರೆದುಕೊಂಡವರು ಹಲವರಾದರೆ ಆ ಜಾತಿಯ ಬಿಳಿಯ ಪಾಲೇ ಕಾಗದದ ಮೇಲಿನಿಂದ ಅಳಿಸಿಹೋಗುತ್ತದೆ. ಸಣ್ಣ ಬೆಳ್ಳಕ್ಕಿಗೆ ಕೆರೆಯಿದೆ, ಗದ್ದೆಯಿದೆ, ಹೊಳೆಯಿದೆ. ಕಡಲಂಚಿನ ಬಕಕ್ಕಾದರೋ ಕಡಲಿನ ಅಂಚೊಂದೇ ಆಸರೆ. ಲೆಕ್ಕದಲ್ಲಿಯೇ ಇಲ್ಲದ ಹಕ್ಕಿಯ ಪರವಾಗಿ ನೆಲೆಯನ್ನು ಕೇಳುವವರು ಯಾರು? ಅದು ಇಲ್ಲವಾದರೂ ಇಲ್ಲವಾಯಿತೆಂದು ತಿಳಿಯುವುದು ಹೇಗೆ? ಹಕ್ಕಿಯನ್ನು ಸರಿಯಾದ ಹೆಸರಿನಿಂದ ಗುರುತಿಸುವುದು ಬರಿಯ ಹವ್ಯಾಸವಲ್ಲ. ಅದು ಅದರ ಉಳಿವಿನ ಮೊದಲ ಹೆಜ್ಜೆ.

ಇದಕ್ಕೆ ಬೇಕಾದುದು ದೊಡ್ಡ ಉಪಕರಣಗಳಲ್ಲ. ಒಂದು ದುರ್ಬೀನು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ತಾಳ್ಮೆ ಇದ್ದರೆ ಸಾಕು. ಇಳಿತದ ವೇಳೆಯನ್ನು ಬೆಸ್ತರಿಂದ ಕೇಳಿ ತಿಳಿದು, ಬಿಸಿಲನ್ನು ಬೆನ್ನಿಗೆ ಮಾಡಿಕೊಂಡು, ಗದ್ದಲವಿಲ್ಲದೆ ದಂಡೆಯಲ್ಲಿ ಕುಳಿತವನಿಗೆ ಹಕ್ಕಿ ತಾನಾಗಿಯೇ ತನ್ನ ಗುರುತುಗಳನ್ನು ತೋರಿಸುತ್ತದೆ. ಕಂಡುದನ್ನು ದಿನಾಂಕ, ವೇಳೆ, ಸ್ಥಳಗಳ ಸಹಿತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆ ಬರವಣಿಗೆ ಮುಂದೊಂದು ದಿನ ಅಳಿವೆಯ ಪರವಾದ ಸಾಕ್ಷ್ಯವಾಗಬಲ್ಲದು. ಗೂಡುಗಳಿರುವ ಮರದ ಬಳಿಗೆ ಮಾತ್ರ ಹೋಗಬಾರದು. ಬೆದರಿದ ತಾಯಿ ಎದ್ದುಹೋದರೆ ಮೊಟ್ಟೆಗೂ ಮರಿಗೂ ಬಿಸಿಲಿನಿಂದ, ಕಾಗೆಗಳಿಂದ ಕೇಡು ತಪ್ಪಿದ್ದಲ್ಲ.

ಹೊತ್ತು ಕಳೆದಂತೆ ಅಳಿವೆಯ ಬಾಯಿಂದ ನೀರು ಮತ್ತೆ ಒಳನುಗ್ಗುತ್ತದೆ. ಕೆಸರಿನ ಬಯಲು ಅಂಚಿನಿಂದ ಅಂಚಿಗೆ ಕಿರಿದಾಗುತ್ತದೆ. ಬಳಚು ಆಯುತ್ತಿದ್ದವರು ತುಂಬಿದ ಬುಟ್ಟಿಗಳನ್ನೆತ್ತಿ ದಡದ ಕಡೆಗೆ ನಡೆಯುತ್ತಾರೆ. ಬಕಗಳೂ ಒಂದೊಂದಾಗಿ ಎದ್ದು, ಕತ್ತು ಮಡಿಸಿ, ತಗ್ಗಿನಲ್ಲಿ ಹಾರಿ ಕಾಂಡ್ಲಾ ಕಾಡನ್ನು ಸೇರುತ್ತವೆ. ಅಲ್ಲಿ ಒಂದು ಕೊಂಬೆಯ ಮೇಲೆ ಕಪ್ಪು ಹಕ್ಕಿಯೊಂದು, ಅದರ ಪಕ್ಕದಲ್ಲಿ ಬಿಳಿಯ ಹಕ್ಕಿಯೊಂದು ಕುಳಿತು ಮುಂದಿನ ಇಳಿತವನ್ನು ಕಾಯುತ್ತವೆ. ಬಣ್ಣವನ್ನು ಮಾತ್ರ ನೋಡಿದವನಿಗೆ ಅವು ಎರಡು ಜಾತಿ. ಕೊಕ್ಕನ್ನೂ ಕಾಲನ್ನೂ ನಡೆಯನ್ನೂ ನೋಡಿದವನಿಗೆ ಅವು ಒಂದೇ.